ಕೈ ಹೋಗುವಷ್ಟು ಜಾಗ

ಹೊಸ ಮನೆಯ ಗೃಹಪ್ರವೇಶಕ್ಕೆ ಹೋದರೆ ಊಟಕ್ಕೆ ಮೊದಲು ಮನೆಯನ್ನೊಂದು ಸುತ್ತು ನೋಡಿ ಬರುವುದು ನಮ್ಮಲ್ಲಿ ರೂಢಿ. ಮನೆಯೊಡತಿ ಮುಂದೆ, ನಾವೆಲ್ಲ ಅವಳ ಹಿಂದೆ. ನಡುಮನೆ, ದೇವರ ಮನೆ, ಅಡುಗೆಯ ಕಟ್ಟೆ, ಗೋಡೆಗೇ ಸೇರಿಸಿ ಮಾಡಿಸಿದ ಬೀರು ಎಲ್ಲವನ್ನೂ ತೋರಿಸುತ್ತಾಳೆ. ನಾವೂ ಗಾಳಿ ಬೆಳಕು ಚೆನ್ನಾಗಿದೆ, ಟೈಲ್ಸಿನ ಬಣ್ಣ ಒಪ್ಪುತ್ತದೆ ಎಂದೆಲ್ಲ ಹೇಳಿ ಸಂತೋಷಪಡಿಸುತ್ತೇವೆ. ಆದರೆ ಇಷ್ಟು ವರ್ಷಗಳಲ್ಲಿ ಯಾರೊಬ್ಬರೂ ನನ್ನನ್ನು ಒಂದು ಮೂಲೆಗೆ ಕರೆದೊಯ್ದು, “ನೋಡಿ, ನೀರು ನಿಲ್ಲಿಸುವ ವಾಲ್ವ್ ಇಲ್ಲಿದೆ, ಕೈ ಸಲೀಸಾಗಿ ಹೋಗುತ್ತೆ” ಎಂದು ಹೇಳಿದ್ದಿಲ್ಲ. ಹೇಳಿದ್ದರೆ ನಾವು ನಗುತ್ತಿದ್ದೆವೋ ಏನೋ. ನಲ್ಲಿ ಕಾಣಬೇಕು, ಕೊಳವೆ ಕಾಣಬಾರದು. ಅದಕ್ಕೇ ನಾವು ಅಂದ ಎನ್ನುತ್ತೇವೆ.

ಅಂದವೇನೋ ಹೌದು. ಆದರೆ ಕಾಣದಂತೆ ಮುಚ್ಚಿಟ್ಟ ಆ ಕೊಳವೆ ಒಂದಲ್ಲ ಒಂದು ದಿನ ಸೋರುತ್ತದೆ. ಆ ದಿನ ಯಾರದ್ದೋ ಕೈ ಅಲ್ಲಿಗೆ ಹೋಗಲೇಬೇಕು. ಕುರ್ಚಿ ಮಾಡಿದವನು ಕೂತರೆ ಮುರಿಯದ ಕುರ್ಚಿ ಮಾಡಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತೇವೆ. ವಸ್ತುವನ್ನು ಮಾಡುವವನಿಗೆ ಅದನ್ನು ಬಳಸುವವರ ವಿಷಯದಲ್ಲಿ ಹೊಣೆಯಿದೆ. ಆದರೆ ಎಷ್ಟೋ ಕಡೆ ಬಳಸುವವರು ಒಬ್ಬರು, ಅದನ್ನು ಕಾಪಾಡಿಕೊಂಡು ಬರುವವರು ಇನ್ನೊಬ್ಬರು. ಬಟ್ಟಲಿನಲ್ಲಿ ಉಣ್ಣುವವರು ಬೇರೆ, ಬಟ್ಟಲಿನ ಅಂಚಿನ ಸಂದಿಯಿಂದ ಜಿಡ್ಡು ತೆಗೆಯುವವರು ಬೇರೆ. ಮಾಡುವವನಿಗೆ ಈ ಎರಡನೆಯವರ ಬಗ್ಗೆಯೂ ಹೊಣೆ ಇದೆಯೇ? ಇದ್ದರೆ ಎಷ್ಟು?

ಈ ಪ್ರಶ್ನೆ ನನ್ನನ್ನು ಹಿಡಿದದ್ದು ನಮ್ಮೂರಿನಲ್ಲಲ್ಲ. ಅಮೆರಿಕದ ಮಿನ್ನೆಸೋಟಾದಲ್ಲಿ, ಗಾಲಿಗಳ ಮೇಲಿನ ಒಂದು ಪುಟ್ಟ ಮನೆಯ ಮಂಚದ ಕೆಳಗೆ.

ನನ್ನ ಮಗಳು ಅಳಿಯ ಅಲ್ಲಿ ಕೆಲಸದಲ್ಲಿದ್ದಾರೆ. ಕೆಲವು ವರ್ಷಗಳ ಹಿಂದೆ ಅವರು ಒಂದು ಹಳೆಯ ಟ್ರಾವೆಲ್ ಟ್ರೇಲರ್ ಕೊಂಡರು. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಗಾಡಿ ಅದು. ಹದಿನೇಳು ಅಡಿ ಉದ್ದದೊಳಗೆ ಒಂದು ಮಂಚ, ಎರಡು ಒಲೆ, ಮಡಚುವ ಮೇಜು, ನಿಂತರೆ ಮೊಣಕೈ ತಗಲುವಷ್ಟು ಚಿಕ್ಕ ಬಚ್ಚಲು. ಬೇಸಿಗೆಯಲ್ಲಿ ಸುಪೀರಿಯರ್ ಸರೋವರದ ಉತ್ತರದ ದಂಡೆಗೆ, ಗೂಸ್‌ಬೆರಿ ಜಲಪಾತ ಮತ್ತು 1910ರಲ್ಲಿ ಕಟ್ಟಿದ ಸ್ಪ್ಲಿಟ್ ರಾಕ್ ದೀಪಸ್ತಂಭದ ಕಡೆಗೆಲ್ಲ, ಇದನ್ನು ಎಳೆದುಕೊಂಡು ಹೋಗುತ್ತಾರೆ. ಕಾಡಿನ ನಡುವೆ ನಿಲ್ಲಿಸಿ, ನಲ್ಲಿ ತಿರುಗಿಸಿದರೆ ಬಿಸಿನೀರು! ನಮ್ಮ ಅಜ್ಜಿಯ ಕಾಲದ ಬಚ್ಚಲು ಮನೆಯ ಹಂಡೆಯನ್ನು ಕಂಡ ನನಗೆ ಇದೊಂದು ಬೆರಗು. ಹಂಡೆಯಲ್ಲಿ ಮುಚ್ಚಿದ್ದು ಎಂಬುದೇ ಇರಲಿಲ್ಲ. ಒಲೆ ಕಾಣುತ್ತಿತ್ತು, ಬೆಂಕಿ ಕಾಣುತ್ತಿತ್ತು, ಮಸಿಯೂ ಕಾಣುತ್ತಿತ್ತು. ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಮಗುವೂ ಹೇಳಬಹುದಿತ್ತು.

ನಾನು ಹೋದದ್ದು ಅಕ್ಟೋಬರಿನಲ್ಲಿ. ಮರಗಳೆಲ್ಲ ಕೆಂಪು ಹಳದಿಯಾಗಿ ಉದುರುತ್ತಿದ್ದವು. ಇನ್ನು ಕೆಲವು ವಾರಗಳಲ್ಲಿ ಅಲ್ಲಿ ನೀರು ಕಲ್ಲಾಗುವ ಕಾಲ. ಚಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುವುದು ಆ ಸೀಮೆಯವರಿಗೆ ವಿಶೇಷವೇನಲ್ಲ. ಅಷ್ಟರೊಳಗೆ ಟ್ರೇಲರನ್ನು ಚಳಿಗಾಲಕ್ಕೆ ಅಣಿಮಾಡಬೇಕು. ಅಣಿಮಾಡುವುದೆಂದರೆ ಹೊದಿಸಿ ಮಲಗಿಸುವುದಲ್ಲ, ಅದರ ಮೈಯಲ್ಲಿರುವ ನೀರನ್ನೆಲ್ಲ ಹೊರಗೆ ತೆಗೆಯುವುದು.

ನೀರಿನ ಸ್ವಭಾವ ವಿಚಿತ್ರ. ಬಹುತೇಕ ವಸ್ತುಗಳು ತಣ್ಣಗಾಗಿ ಗಟ್ಟಿಯಾದಾಗ ಕುಗ್ಗುತ್ತವೆ. ನೀರು ಮಾತ್ರ ನಾಲ್ಕು ಡಿಗ್ರಿಯವರೆಗೆ ಕುಗ್ಗುತ್ತ ಬಂದು, ಆಮೇಲೆ ಹಿಗ್ಗಲು ತೊಡಗಿ, ಮಂಜುಗಡ್ಡೆಯಾಗುವಾಗ ನೂರಕ್ಕೆ 9ರಷ್ಟು ಹೆಚ್ಚು ಜಾಗ ಕೇಳುತ್ತದೆ. ಹಾಗೆ ಹಿಗ್ಗಿ ಹಗುರಾಗುವುದರಿಂದಲೇ ಗಡ್ಡೆ ಸರೋವರದ ಮೇಲೆ ತೇಲುತ್ತದೆ, ಅದರಡಿಯ ನೀರಿನಲ್ಲಿ ಮೀನು ಬದುಕುತ್ತದೆ. ಆದರೆ ಸರೋವರದಲ್ಲಿ ಜೀವ ಉಳಿಸುವ ಅದೇ ಗುಣ ಕೊಳವೆಯೊಳಗೆ ಕೊಳವೆಯನ್ನೇ ಸೀಳುತ್ತದೆ. ನೀರಿಗೆ ಕೇಳಿದ ಜಾಗ ಸಿಗದಿದ್ದರೆ ಅದು ಒಡೆದುಕೊಂಡು ಪಡೆಯುತ್ತದೆ, ಅಷ್ಟೆ.

ಆದ್ದರಿಂದ ಕೊಳವೆಗಳನ್ನೆಲ್ಲ ಬರಿದು ಮಾಡಿ, ಆ ಜಾಗಕ್ಕೆ ಗುಲಾಬಿ ಬಣ್ಣದ ಒಂದು ದ್ರವ ತುಂಬುತ್ತಾರೆ. ಪ್ರೊಪೈಲೀನ್ ಗ್ಲೈಕಾಲ್ ಎಂಬುದು ಸೇರಿದ, ಕುಡಿಯುವ ನೀರಿನ ಕೊಳವೆಗೆಂದೇ ಮಾಡಿದ ದ್ರವ ಅದು. ಕಾರಿನ ಎಂಜಿನ್ನಿಗೆ ಸಾಮಾನ್ಯವಾಗಿ ಹಾಕುವ ಎಥಿಲೀನ್ ಗ್ಲೈಕಾಲ್ ಇದರ ದಾಯಾದಿ. ರುಚಿಗೆ ಸಿಹಿ, ಹೊಟ್ಟೆಗೆ ಹೋದರೆ ವಿಷ. ಅದನ್ನು ಇಲ್ಲಿ ಮುಟ್ಟುವಂತೆಯೇ ಇಲ್ಲ. ಗುಲಾಬಿ ದ್ರವವನ್ನು ಪಂಪಿನಿಂದ ತಳ್ಳುತ್ತ, ಒಂದೊಂದೇ ನಲ್ಲಿ ತೆರೆದು, ನೀರು ಹೋಗಿ ಗುಲಾಬಿ ಬರುವವರೆಗೆ ಕಾಯಬೇಕು. ಅಡುಗೆ ಕಟ್ಟೆಯ ನಲ್ಲಿ, ಬಚ್ಚಲಿನ ನಲ್ಲಿ, ಪಾಯಿಖಾನೆ ಯಾವುದನ್ನೂ ಮರೆಯಬಾರದು. ತಣ್ಣೀರಿನದೂ ಬಿಸಿನೀರಿನದೂ ಬೇರೆಬೇರೆ ನೋಡಬೇಕು.

ಇಲ್ಲಿ ಬರುತ್ತದೆ ಹೀಟರಿನ ತೊಡಕು. ಆ ಟ್ರೇಲರಿನ ಹೀಟರಿನಲ್ಲಿ ಆರು ಗ್ಯಾಲನ್, ಎಂದರೆ ಸುಮಾರು 23 ಲೀಟರ್ ನೀರು ಹಿಡಿಯುತ್ತದೆ. ಅದನ್ನೂ ಗುಲಾಬಿ ದ್ರವದಿಂದ ತುಂಬಿಸಿದರೆ ಬರೀ ದಂಡ. ಎರಡು ಮೂರು ಗ್ಯಾಲನ್ ಸಾಕಾಗುವ ಕೊಳವೆಗಳಿಗಾಗಿ ಅದರ ಮೂರರಷ್ಟನ್ನು ಕೊಂಡಂತೆ. ಅದಕ್ಕೆಂದು ಹೀಟರಿನ ಬೆನ್ನಿಗೆ ಮೂರು ವಾಲ್ವ್‌ಗಳಿರುತ್ತವೆ. ಕೆಳಗೆ ತಣ್ಣೀರು ಒಳಹೋಗುವ ಕೊಳವೆಗೊಂದು, ಮೇಲೆ ಬಿಸಿನೀರು ಹೊರಬರುವ ಕೊಳವೆಗೊಂದು, ಇವೆರಡನ್ನೂ ಕೂಡಿಸುವ ಅಡ್ಡದಾರಿಗೊಂದು. ಚಳಿಗಾಲಕ್ಕೆ ಮೊದಲೆರಡನ್ನು ಮುಚ್ಚಿ ಅಡ್ಡದಾರಿಯನ್ನು ತೆರೆಯಬೇಕು. ಆಗ ದ್ರವ ಹೀಟರಿನ ಮನೆಗೆ ಹೋಗದೆ ಹೊರಗಿಂದಲೇ ದಾಟಿಹೋಗುತ್ತದೆ. ವಸಂತದಲ್ಲಿ ಮತ್ತೆ ಮೂರನ್ನೂ ಹಿಂದಿನಂತೆ ತಿರುಗಿಸಬೇಕು. ಹಾಗೆ ತಿರುಗಿಸದೆ ಖಾಲಿ ತೊಟ್ಟಿಗೆ ವಿದ್ಯುತ್ ಹರಿಸಿದರೆ ಒಳಗಿನ ಸುರುಳಿ ಸುಟ್ಟುಹೋಗುತ್ತದೆ. ಹಿಡಿಕೆ ಕೊಳವೆಯ ಉದ್ದಕ್ಕೆ ನಿಂತರೆ ತೆರೆದಿದೆ, ಅಡ್ಡಕ್ಕೆ ನಿಂತರೆ ಮುಚ್ಚಿದೆ. ಇಷ್ಟು ಸರಳ. ಕಾಲು ಸುತ್ತಿನ ಕೆಲಸ, ಒಂದೊಂದಕ್ಕೂ ಒಂದು ಕ್ಷಣ.

ಆದರೆ ಆ ಕ್ಷಣವನ್ನು ಮುಟ್ಟಲು ಒಂದು ಗಂಟೆ ಬೇಕಾಗಿತ್ತು! ಹೀಟರ್ ಇದ್ದದ್ದು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ. ಹಾಸಿಗೆ ಎತ್ತಿ ಬಾಗಿಲಾಚೆ ಹಾಕಬೇಕು. ಹಾಸಿಗೆಯ ಕೆಳಗಿನ ಪ್ಲೈವುಡ್ ಹಲಗೆಯ ಎಂಟು ತಿರುಪುಗಳನ್ನು ಬಿಚ್ಚಬೇಕು. ಹಲಗೆ ತೆಗೆದರೆ ಕೆಳಗೊಂದು ಅಡ್ಡಪಟ್ಟಿ. ಅದರ ಪಕ್ಕದ ಸಂದಿಯಲ್ಲಿ ತಲೆಕೆಳಗಾಗಿ ಬಗ್ಗಿ, ಭುಜದವರೆಗೆ ಕೈ ಇಳಿಬಿಟ್ಟು, ಕಾಣದ ಹಿಡಿಕೆಯನ್ನು ಬೆರಳ ತುದಿಯಿಂದ ತಡಕಬೇಕು. ಪಟ್ಟಿಯಿಂದ ಹೊರಬಂದ ಮೊಳೆಯ ತುದಿಗಳು ಕೈಯನ್ನು ಗೀರುತ್ತವೆ. ಕೊಂಡ ಮೊದಲ ವರ್ಷ ಅಳಿಯ ಪ್ರಯತ್ನಿಸಿದನಂತೆ, ಅವನ ಕೈ ಮೊಣಕೈಯಿಂದಾಚೆ ಹೋಗಲಿಲ್ಲವಂತೆ. “ನಿನ್ನ ಕೈ ಸಣ್ಣದು, ನೋಡು” ಎಂದನಂತೆ. ಮಗಳ ಕೈ ಹೋಯಿತು. ಅಂದಿನಿಂದ ಆ ಕೆಲಸ ಮಗಳದಾಯಿತು. ಅಕ್ಟೋಬರಿನಲ್ಲೊಮ್ಮೆ, ಏಪ್ರಿಲಿನಲ್ಲೊಮ್ಮೆ. ನಾಲ್ಕು ವರ್ಷ.

ನಾನು ನೋಡುತ್ತಿದ್ದಾಗ ಅವಳು ಗೀರು ಬಿದ್ದ ಕೈಯನ್ನು ಮೇಲೆತ್ತಿ, “ಅಮ್ಮಾ, ಇದನ್ನ ಮಾಡಿದವನು ಇದನ್ನ ಒಂದು ಸಲನೂ ಮುಟ್ಟಿಲ್ಲ” ಎಂದಳು. ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಿತ್ತು ಅವಳ ದನಿಯಲ್ಲಿ.

ಅಂದು ರಾತ್ರಿ ಊಟದ ಹೊತ್ತಿಗೆ ಇದರದ್ದೇ ಮಾತು. ಅಳಿಯ ಎಂಜಿನಿಯರ್, ಹಾಗಾಗಿ ಕಾಣದ ತಯಾರಕನ ಪರವಾಗಿ ವಕಾಲತ್ತು ವಹಿಸಿದ. ಅವನ ವಾದವನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. “ಹದಿನೇಳು ಅಡಿಯಲ್ಲಿ ಒಂದು ಮನೆ ಕೂರಿಸಬೇಕು ಅಂದ್ರೆ ಒಂದೊಂದು ಇಂಚಿಗೂ ಲೆಕ್ಕ ಇರುತ್ತೆ. ಮಂಚ ದಿನಾ ಬೇಕು. ಬಟ್ಟೆ ಇಡೋ ಜಾಗ ದಿನಾ ಬೇಕು. ಈ ವಾಲ್ವ್ ಬೇಕಾಗೋದು ವರ್ಷಕ್ಕೆ ಎರಡು ಸಲ. ವರ್ಷವೆಲ್ಲ ಸಿಗೋ ಅನುಕೂಲಕ್ಕೆ ಎರಡು ದಿನದ ಕಷ್ಟ ಹೆಚ್ಚೇನು?” ಎಂದ.

ಇದು ಬರಿಯ ಟ್ರೇಲರಿನ ಪ್ರಶ್ನೆಯಲ್ಲ. ದಿನನಿತ್ಯದ ಹಲವರ ಅನುಕೂಲ ಒಂದು ತಟ್ಟೆಯಲ್ಲಿ, ಅಪರೂಪಕ್ಕೆ ಬರುವ ಒಬ್ಬರ ಕಷ್ಟ ಇನ್ನೊಂದು ತಟ್ಟೆಯಲ್ಲಿ. ತೂಗಿದರೆ ಯಾವುದು ಹೆಚ್ಚು? ಬರಿಯ ಲೆಕ್ಕ ಹಾಕುವವರು ಮೊದಲನೆಯದೇ ಎಂದಾರು. ಆದರೆ ಲೆಕ್ಕ ಹಾಕುವಾಗ ಒಂದು ಅಂಶ ಜಾರಿಹೋಗುತ್ತದೆ. ಅನುಕೂಲ ಪಡೆಯುವವರು ಎಲ್ಲರೂ, ಕಷ್ಟಪಡುವವರು ಮಾತ್ರ ಪ್ರತಿಸಲವೂ ಅವರೇ. ಹಬ್ಬದ ಊಟ ಮನೆಮಂದಿಗೆಲ್ಲ ಒಂದು ದಿನದ್ದು. ಹಬ್ಬದ ಮರುದಿನದ ಪಾತ್ರೆಯ ರಾಶಿ ಯಾರಿಗೆ ಎಂಬುದನ್ನು ಕೇಳದೆ ಹಬ್ಬದ ಸಂತೋಷವನ್ನು ಅಳೆದರೆ ಆ ಅಳತೆ ಪೂರ್ತಿಯಾಗುವುದಿಲ್ಲ.

ಜೊತೆಗೆ ಜಾಗದ ಮಾತು. ಮರುದಿನ ಮಗಳು ಟಾರ್ಚ್ ಹಿಡಿದು ಮಂಚದ ಪೆಟ್ಟಿಗೆಯನ್ನು ಬದಿಯಿಂದ ಅಳೆದು ನೋಡಿದಳು. ಓಡಾಡುವ ದಾರಿಯ ಕಡೆಗಿನ ಹಲಗೆಯ ಹಿಂದೆ, ನೇರ ಎದುರಿಗೇ, ಆ ಮೂರು ವಾಲ್ವ್‌ಗಳಿದ್ದವು! ಅಲ್ಲೊಂದು ಚೌಕ ಕೊರೆದು ಪುಟ್ಟ ಬಾಗಿಲಿಟ್ಟಿದ್ದರೆ ಮಂಚಕ್ಕೂ ಧಕ್ಕೆಯಿರಲಿಲ್ಲ, ಬಟ್ಟೆಯ ಜಾಗಕ್ಕೂ ಧಕ್ಕೆಯಿರಲಿಲ್ಲ. ಒಂದು ಇಂಚೂ ಹೆಚ್ಚು ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಎರಡು ತಿರುಗಣಿ, ಒಂದು ಹಿಡಿ, ಮತ್ತು ಇಲ್ಲಿಗೆ ಒಂದು ಕೈ ಬರುತ್ತದೆ ಎಂಬ ನೆನಪು. ಜಾಗದ ಕೊರತೆ ಎಂದು ನಾವು ಅಂದುಕೊಂಡದ್ದು ನೆನಪಿನ ಕೊರತೆಯಾಗಿತ್ತು. ತಯಾರಕನಿಗೆ ನನ್ನ ಮಗಳ ಮೇಲೆ ದ್ವೇಷವೇನಿಲ್ಲ. ಅವಳೊಬ್ಬಳು ಇರುತ್ತಾಳೆಂದೇ ಅವನಿಗೆ ಹೊಳೆಯಲಿಲ್ಲ. ಲೋಕದಲ್ಲಿ ಹೆಂಗಸರಿಗೆ ಒದಗುವ ಕಷ್ಟಗಳಲ್ಲಿ ದ್ವೇಷದಿಂದ ಬಂದವು ಎಷ್ಟೋ, ಹೊಳೆಯದೆ ಹೋದದ್ದರಿಂದ ಬಂದವು ಅದಕ್ಕಿಂತ ಹೆಚ್ಚು ಎಂದು ನನಗೆ ಅನ್ನಿಸುತ್ತದೆ.

ಇದನ್ನು ನೆನಪಿಡಬೇಕು ಎಂದು ಹಟ ಹಿಡಿದವರೂ ಆ ದೇಶದಲ್ಲೇ ಇದ್ದರು. ಲಿಲಿಯನ್ ಗಿಲ್‌ಬ್ರೆತ್ ಎಂಬಾಕೆ. 1878ರಲ್ಲಿ ಹುಟ್ಟಿ 1972ರವರೆಗೆ ಬಾಳಿದ ಹೆಂಗಸು, ಹನ್ನೆರಡು ಮಕ್ಕಳನ್ನು ಹೆತ್ತ ತಾಯಿ. ಗಂಡ ಹೆಂಡತಿ ಇಬ್ಬರೂ ಸೇರಿ, ಕೆಲಸಗಾರರ ಕೈಕಾಲುಗಳ ಚಲನೆಯನ್ನು ಗಮನಿಸಿ ಯಾವ ಚಲನೆ ವ್ಯರ್ಥ, ಯಾವುದು ದಣಿಸುತ್ತದೆ ಎಂದು ಕಾರ್ಖಾನೆಗಳಿಗೆ ಸಲಹೆ ಕೊಡುತ್ತಿದ್ದರು. 1924ರಲ್ಲಿ ಗಂಡ ತೀರಿಕೊಂಡಾಗ ಹಲವು ಕಾರ್ಖಾನೆಯವರು, ಹೆಂಗಸಿನ ಸಲಹೆ ನಮಗೆ ಬೇಡ ಎಂದು ಹಿಂದೆ ಸರಿದರು. ಆಕೆ ಅಡುಗೆ ಮನೆಯ ಕಡೆ ತಿರುಗಿದಳು. ಗೃಹಿಣಿಯರನ್ನು ಮಾತನಾಡಿಸಿ, ಒಲೆ ಎಷ್ಟೆತ್ತರ ಇರಬೇಕು, ತೊಳೆಯುವ ತೊಟ್ಟಿ ಎಷ್ಟೆತ್ತರ ಇರಬೇಕು ಎಂದು ಕೇಳಿ ಅಳೆದಳು. ಕಾಲಿನಿಂದ ಒತ್ತಿದರೆ ಮುಚ್ಚಳ ತೆರೆಯುವ ಕಸದ ಡಬ್ಬಿ, ಫ್ರಿಜ್ಜಿನ ಬಾಗಿಲಿನ ಒಳಬದಿಯ ತಟ್ಟುಗಳು ಆಕೆಯ ಹೆಸರಿನೊಂದಿಗೆ ಸೇರಿಕೊಂಡಿವೆ. 1965ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಎಂಜಿನಿಯರಿಂಗ್‌ಗೆ ಆಯ್ಕೆಯಾದ ಮೊದಲ ಮಹಿಳೆ ಆಕೆಯೇ. ಮಾಡುವ ಮೊದಲು, ಬಳಸುವ ಕೈಯನ್ನು ಒಮ್ಮೆ ಕೇಳಿ ನೋಡಿದ್ದು ಆಕೆಯ ಹೆಚ್ಚುಗಾರಿಕೆ.

ಕಾನೂನು ಕೂಡ ಈಗೀಗ ಈ ದಿಕ್ಕಿನಲ್ಲಿ ಹೆಜ್ಜೆ ಇಡುತ್ತಿದೆ. ಇದೇ ಮಿನ್ನೆಸೋಟಾ ರಾಜ್ಯ 2023ರಲ್ಲಿ ದುರಸ್ತಿಯ ಹಕ್ಕಿನ ಕಾನೂನೊಂದನ್ನು ಮಾಡಿ 2024ರ ಜುಲೈಯಿಂದ ಜಾರಿಗೆ ತಂದಿತು. ಎಲೆಕ್ಟ್ರಾನಿಕ್ ಸಾಮಾನುಗಳನ್ನು ಮಾಡುವವರು ಅವನ್ನು ಸರಿಪಡಿಸಲು ಬೇಕಾದ ಬಿಡಿಭಾಗ, ಉಪಕರಣ, ಮಾಹಿತಿಗಳನ್ನು ಕೊಳ್ಳುವವರಿಗೂ ರಿಪೇರಿಯವರಿಗೂ ಒದಗಿಸಬೇಕು ಎಂದು ಅದರ ಸಾರ. ಒಳ್ಳೆಯದೇ. ಆದರೆ ಮಂಚದ ಕೆಳಗಿನ ಸಂದಿಗೆಲ್ಲ ಕಾನೂನು ಕೈ ಹಾಕಲಾಗದು. ಅಲ್ಲಿ ಬೇಕಾದದ್ದು ಮರ್ಯಾದೆ.

ಎಲ್ಲವನ್ನೂ ತೆರೆದೇ ಇಡಬೇಕು ಎಂದು ನಾನು ಹೇಳುತ್ತಿಲ್ಲ. ಅದೇ ಹೀಟರಿಗೆ ಒಳಗಿನ ಒತ್ತಡ ಹೆಚ್ಚಾದರೆ ತಾನೇ ತೆರೆದುಕೊಳ್ಳುವ ಒಂದು ವಾಲ್ವ್ ಇದೆ. ಅದು ಆಡುವ ಮಕ್ಕಳ ಕೈಗೆ ಸಿಗಬಾರದು. ಬಿಸಿನೀರು ತುಂಬಿರುವಾಗ ಕೆಳಗಿನ ಬಿರಡೆ ಬಿಚ್ಚಿದರೆ ಮೈ ಸುಟ್ಟೀತು. ಹೀಟರ್ ಆರಿಸಿ, ನೀರು ತಣ್ಣಗಾಗಲು ಬಿಟ್ಟು, ನಲ್ಲಿ ತೆರೆದು ಒತ್ತಡ ಇಳಿಸಿ ಆಮೇಲೆಯೇ ಅದನ್ನು ಮುಟ್ಟಬೇಕು. ಮುಚ್ಚಳ ಬೇಕಾದಲ್ಲಿ ಮುಚ್ಚಳ ಇರಲಿ. ಮನುಷ್ಯರಿಗೂ ಹಾಗೆಯೇ, ಮನಸ್ಸೆಲ್ಲ ಬೀದಿಗೆ ಬಾಗಿಲು ತೆರೆದಿರಬೇಕಾಗಿಲ್ಲ. ಮುಚ್ಚಿದ್ದರೆ ತಪ್ಪಿಲ್ಲ, ಬೇಕಾದಾಗ ತೆರೆಯಲು ಬರಬೇಕು. ಮುಚ್ಚಳಕ್ಕೂ ಗೋಡೆಗೂ ಇರುವ ವ್ಯತ್ಯಾಸ ಅದೇ ಅಲ್ಲವೇ?

ಆ ಹೀಟರಿನ ಹೊರಮೈಯಲ್ಲಿ ಇದಕ್ಕೊಂದು ಒಳ್ಳೆಯ ನಿದರ್ಶನವೂ ಇತ್ತು. ಟ್ರೇಲರಿನ ಹೊರಗೋಡೆಯ ಪುಟ್ಟ ಬಾಗಿಲು ತೆರೆದರೆ ತೊಟ್ಟಿಯನ್ನು ಬರಿದು ಮಾಡುವ ಬಿರಡೆ ಸಿಗುತ್ತದೆ. ಅದನ್ನು ತಿರುಗಿಸಿ ಎಳೆದಾಗ ಬಿರಡೆಯೊಂದಿಗೆ ಉದ್ದನೆಯ ಒಂದು ಕಡ್ಡಿಯೂ ಹೊರಬಂತು. ಗೆದ್ದಲು ತಿಂದ ಹಾಗೆ ಅಲ್ಲಲ್ಲಿ ಸವೆದು, ತಂತಿಯಂತೆ ತೆಳ್ಳಗಾಗಿತ್ತು. ಅಳಿಯ ವಿವರಿಸಿದ. ಉಕ್ಕಿನ ತೊಟ್ಟಿಗೆ ತುಕ್ಕು ಹಿಡಿಯದಂತೆ ಮೆಗ್ನೀಸಿಯಮ್ ಅಥವಾ ಅಲ್ಯೂಮಿನಿಯಮ್‌ನ ಈ ಕಡ್ಡಿಯನ್ನು ನೀರಿನೊಳಗೆ ಇಟ್ಟಿರುತ್ತಾರೆ. ತೊಟ್ಟಿ ಸವೆಯುವ ಬದಲು ಈ ಕಡ್ಡಿ ತಾನು ಸವೆಯುತ್ತದೆ. ಈ ಉಪಾಯದ ಮೂಲ ಹಳೆಯದು. 1824ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆಯನ್ನು ಉಳಿಸಲು ಅದಕ್ಕೆ ಸತು ಇಲ್ಲವೇ ಕಬ್ಬಿಣದ ತುಂಡುಗಳನ್ನು ತಗುಲಿಸಿ ತೋರಿಸಿದ. ಇಂಗ್ಲಿಷಿನಲ್ಲಿ ಇಂಥ ಕಡ್ಡಿಗೆ ‘ಸ್ಯಾಕ್ರಿಫಿಷಿಯಲ್ ಆನೋಡ್’ ಎನ್ನುತ್ತಾರಂತೆ. ಬಲಿಗೆಂದೇ ಇಟ್ಟದ್ದು!

ಆ ಹೆಸರು ಕೇಳಿ ನಾನು ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮನೆ ಉಳಿಯಲೆಂದು ತಾವು ಸವೆದ ಹೆಂಗಸರು ನಮ್ಮಿಬ್ಬರ ನೆನಪಿನಲ್ಲೂ ಬೇಕಾದಷ್ಟು ಇದ್ದರು. ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಬೇರೆ ಒಂದು ಸಂಗತಿ. ಆ ಕಡ್ಡಿಯನ್ನು ಬಿರಡೆಗೇ ಜೋಡಿಸಿದ್ದರು. ನೀರು ಬಸಿಯುವವರು ಯಾರೇ ಆಗಲಿ, ಬೇಕೆಂದರೂ ಬೇಡವೆಂದರೂ ಅದನ್ನು ನೋಡಲೇಬೇಕು. ಎಷ್ಟು ಸವೆದಿದೆ ಎಂದು ಕಣ್ಣಿಗೆ ಬೀಳಲೇಬೇಕು. ಮುಕ್ಕಾಲು ಪಾಲು ಸವೆದಿದ್ದರೆ ಬದಲಿಸಬೇಕೆಂದು ನಿಯಮ. ಸವೆಯುವುದೇ ಕೆಲಸವಾಗಿರುವ ಒಂದು ಲೋಹದ ಕಡ್ಡಿಗೂ ಹೊರಗೆ ತೆಗೆದು, ಒರೆಸಿ, ಎಷ್ಟು ಉಳಿದಿದ್ದೀಯೆ ಎಂದು ಕೇಳುವ ದಿನವೊಂದಿದೆ. ಒಂದೇ ಯಂತ್ರದ ಹೊರಮಗ್ಗುಲಲ್ಲಿ ಇಷ್ಟು ವಿವೇಕ, ಒಳಮಗ್ಗುಲಲ್ಲಿ ಅಷ್ಟು ಮರೆವು. ಮಾಡಿದವರು ಬೇರೆಬೇರೆ. ಹೀಟರ್ ಮಾಡಿದವರು ಮುಂದೆ ಬರುವ ಕೈಯನ್ನು ನೆನೆದಿದ್ದರು, ಅದನ್ನು ತಂದು ಮಂಚದಡಿಯಲ್ಲಿ ಕೂರಿಸಿದವರು ನೆನೆಯಲಿಲ್ಲ.

ಶನಿವಾರ ಅವರಿಬ್ಬರೂ ಬಾಗಿಲು ಕೊರೆದರು. ಹಲಗೆಯ ಹಿಂದೆ ತಂತಿಯಾಗಲಿ ಕೊಳವೆಯಾಗಲಿ ಹಾದುಹೋಗಿಲ್ಲ ಎಂದು ನೋಡಿಕೊಂಡು, ಪೆನ್ಸಿಲಿನಿಂದ ಗೆರೆ ಎಳೆದು, ಗರಗಸದಿಂದ ನಿಧಾನಕ್ಕೆ ಕೊಯ್ದು, ಅದೇ ತುಂಡಿಗೆ ತಿರುಗಣಿ ಹಾಕಿ ಕೂರಿಸಿದರು. ಬಾಗಿಲಿನ ಒಳಮೈಯಲ್ಲಿ ಮಗಳು ಮಾರ್ಕರ್ ಪೆನ್ನಿನಿಂದ ಮೂರು ವಾಲ್ವ್‌ಗಳ ಚಿತ್ರ ಬರೆದಳು. ಚಳಿಗಾಲಕ್ಕೆ ಹಿಡಿಕೆ ಹೀಗೆ, ಬೇಸಿಗೆಗೆ ಹೀಗೆ. ಅಳಿಯ ಕುಳಿತು ಒಮ್ಮೆ ತಾನೇ ಮೂರನ್ನೂ ತಿರುಗಿಸಿ ನೋಡಿದ. ನಾನೂ ತಿರುಗಿಸಿದೆ. ಅರವತ್ತು ದಾಟಿದ, ಮಂಡಿನೋವಿನ ನನಗೂ ಎಟುಕುತ್ತದೆ ಎಂದರೆ ಇನ್ನಾರಿಗೆ ಎಟುಕುವುದಿಲ್ಲ?

“ಸರಿ, ಇನ್ನು ನನ್ನ ಕೈ ಬೇಕಿಲ್ಲ ಬಿಡಿ” ಎಂದು ಮಗಳು ನಕ್ಕಳು. ಹಗುರಾದ ನಗುವೇ. ಆದರೂ ಅದರ ತುದಿಯಲ್ಲಿ ಏನೋ ಒಂದು ಸಣ್ಣ ಎಳೆ ಇತ್ತು. ತಾಯಿಯಾದವಳಿಗೆ ಅದು ಕೇಳಿಸದೆ ಇರುತ್ತದೆಯೇ? ಆ ಎಳೆ ನನ್ನನ್ನು ಎಷ್ಟೋ ವರ್ಷ ಹಿಂದಕ್ಕೆ, ನಮ್ಮ ಅತ್ತೆಯವರ ಉಗ್ರಾಣದ ಬಾಗಿಲಿಗೆ ಕರೆದೊಯ್ದಿತು.

ನಮ್ಮ ಅತ್ತೆಯವರ ಸೊಂಟದಲ್ಲಿ ಬೀಗದ ಕೈಗೊಂಚಲು ಯಾವಾಗಲೂ ಇರುತ್ತಿತ್ತು. ಉಗ್ರಾಣದ ಕತ್ತಲಲ್ಲಿ ಯಾವ ಜಾಡಿಯಲ್ಲಿ ಹಳೆಯ ಹುಣಸೆಹಣ್ಣು, ಯಾವ ಡಬ್ಬಿಯಲ್ಲಿ ಈ ವರ್ಷದ ಮೆಣಸಿನ ಪುಡಿ, ಬಾಣಂತಿಯ ಲೇಹ್ಯಕ್ಕೆ ಯಾವ ಬೇರು ಎಷ್ಟು ಎಂಬುದು ಅವರೊಬ್ಬರಿಗೇ ಗೊತ್ತು. ಸೊಸೆಯರು ಕೇಳಿದರೆ, “ನಿಮಗ್ಯಾಕೆ ಆ ಉಸಾಬರಿ, ನಾನಿಲ್ವಾ?” ಎನ್ನುತ್ತಿದ್ದರು. ಕೊನೆಯ ದಿನಗಳಲ್ಲಿ ಅವರ ಮಾತು ನಿಂತುಹೋಯಿತು. ಕೈಸನ್ನೆಯಿಂದ ಏನನ್ನೋ ತೋರಿಸುತ್ತಿದ್ದರು, ನಮಗೆ ತಿಳಿಯುತ್ತಿರಲಿಲ್ಲ. ಅವರೊಂದಿಗೇ ಆ ಲೇಹ್ಯದ ಅಳತೆಯೂ ಹೋಯಿತು.

ಅತ್ತೆಯವರಿಗೆ ಅದು ಬರಿಯ ಅಧಿಕಾರದ ಆಸೆ ಎಂದು ಹಿಂದೆ ನಾವು ಸೊಸೆಯರು ಆಡಿಕೊಳ್ಳುತ್ತಿದ್ದುದುಂಟು. ಆದರೆ ಯೋಚಿಸಿ ನೋಡಿ. ಹೊಲ ಮಾರುವಾಗ ಅವರನ್ನು ಯಾರೂ ಕೇಳಲಿಲ್ಲ. ಮಕ್ಕಳ ಓದು, ಮದುವೆ, ಮನೆಯ ಪಾಲು ಯಾವುದಕ್ಕೂ ಅವರ ಮಾತು ಬೇಕಾಗಿರಲಿಲ್ಲ. ಎಲ್ಲರೂ ಬಂದು ಅವರ ಎದುರು ನಿಂತು ಕೇಳಲೇಬೇಕಾಗಿದ್ದದ್ದು ಆ ಒಂದು ಬಾಗಿಲಿನಲ್ಲಿ ಮಾತ್ರ. ಅದನ್ನು ಬಿಟ್ಟುಕೊಟ್ಟರೆ ಅವರಿಗೆ ಉಳಿಯುತ್ತಿದ್ದದ್ದೇನು? ಬೇರೆ ದಾರಿಯಲ್ಲಿ ಮರ್ಯಾದೆ ಸಿಗದ ಕಡೆ ಮನುಷ್ಯರು ತಮ್ಮ ಅನಿವಾರ್ಯತೆಯನ್ನೇ ಮರ್ಯಾದೆ ಎಂದು ಹಿಡಿದುಕೊಳ್ಳುತ್ತಾರೆ. ‘ನಾನಿಲ್ಲದಿದ್ದರೆ ಈ ಮನೆ ನಡೆಯುವುದಿಲ್ಲ’ ಎಂದು ನಾವು ಗೊಣಗುವಾಗ ಆ ಗೊಣಗಿನೊಳಗೆ ಒಂದಿಷ್ಟು ಹೆಮ್ಮೆ ಅಡಗಿರುವುದನ್ನು ಯಾವ ಹೆಂಗಸು ಅಲ್ಲಗಳೆದಾಳು?

ಆದ್ದರಿಂದ ಹಲಗೆಗೆ ಬಾಗಿಲು ಕೊರೆಯುವುದು ಅಷ್ಟು ಸರಳವಾದ ಮಾತಲ್ಲ. ನನ್ನ ಮಗಳ ಕೈ ಸಣ್ಣದು ಎಂಬುದು ಮೊದಲು ಒಂದು ಸಂಗತಿ, ಆಮೇಲೆ ಒಂದು ಹೊಗಳಿಕೆ, ಆಮೇಲೆ ಒಂದು ಕರ್ತವ್ಯ. ನಿನ್ನಿಂದ ಆಗುತ್ತದೆ ಎಂಬುದು ನಿನ್ನಿಂದಲೇ ಆಗಬೇಕು ಎಂದಾಗಲು ನಡುವೆ ಯಾರೂ ಅಪ್ಪಣೆ ಕೊಡಬೇಕಾಗಿಲ್ಲ, ಇನ್ನೊಬ್ಬರ ಕೈ ಹೋಗದಿದ್ದರೆ ಸಾಕು. ನಮ್ಮ ಮನೆಗಳಲ್ಲಿ ಇಂಥವು ಎಷ್ಟಿಲ್ಲ! ಮಗುವಿಗೆ ಔಷಧಿ ಕುಡಿಸಲು ಅವಳಿಗೇ ಬರುತ್ತದೆ, ಮಾವನವರು ಅವಳ ಕೈಯ ಊಟವನ್ನೇ ಉಣ್ಣುತ್ತಾರೆ, ಮಿಕ್ಸಿಯ ಆ ಮುಚ್ಚಳ ಅವಳಿಗೇ ಬಗ್ಗುತ್ತದೆ. ಕೇಳಲು ಹಿತ. ಆದರೆ ಅವಳು ಜ್ವರದಿಂದ ಮಲಗಿದ ದಿನ ಈ ಹೊಗಳಿಕೆಯ ಬೆಲೆ ಗೊತ್ತಾಗುತ್ತದೆ. ಎದ್ದು ಬಂದು ಅವಳೇ ಮಾಡಬೇಕಾಗುತ್ತದೆ.

ಒಬ್ಬರ ಮೇಲೆ ಅವಲಂಬಿಸಿರುವುದು ಬೇರೆ, ಅವರನ್ನು ಗೌರವಿಸುವುದು ಬೇರೆ. ಮಂಚದ ಕೆಳಗೆ ತಲೆಕೆಳಗಾಗಿ ಬಗ್ಗಿದ ನಾಲ್ಕು ವರ್ಷ ಮಗಳ ಕೆಲಸದ ಮೇಲೆ ಆ ಮನೆ ನಿಂತಿತ್ತು, ಆದರೆ ಆ ಕೆಲಸ ಎಂಥದ್ದೆಂದು ಯಾರೂ ಕಂಡಿರಲಿಲ್ಲ, ಕಾಣುವ ಹಾಗೂ ಇರಲಿಲ್ಲ. ಬಾಗಿಲಾದ ಮೇಲೆ ಅಳಿಯ ತಾನೇ ತಿರುಗಿಸುತ್ತ, ಹೊರಗೆ ಬಂದಿದ್ದ ಮೊಳೆಗಳ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ, “ಇದಾ ನಿನ್ನ ಕೈ ಗೀರ್ತಾ ಇದ್ದದ್ದು?” ಎಂದು ಕೇಳಿದ. ಮತ್ತೇನೂ ಹೇಳಲಿಲ್ಲ. ಇಕ್ಕಳ ತಂದು ಒಂದೊಂದನ್ನೇ ಕತ್ತರಿಸಿದ. ಇನ್ನೊಬ್ಬರ ಕೈ ಅಲ್ಲಿಗೆ ಹೋದಾಗಲೇ ಅಲ್ಲಿ ಏನಿತ್ತು ಎಂಬುದು ಅರಿವಾಗುವುದು. ಮಗಳು ಕಳೆದುಕೊಂಡದ್ದು ಅನಿವಾರ್ಯತೆಯನ್ನು. ಪಡೆದದ್ದು ಅದಕ್ಕಿಂತ ದೊಡ್ಡದು ಎಂದೇ ನನ್ನ ನಂಬಿಕೆ. ಆದರೆ ಅದನ್ನು ಹೇಳಬೇಕಾದವಳು ಅವಳು, ನಾನಲ್ಲ. ನಮ್ಮ ಅತ್ತೆಯವರಿಗಂತೂ ಅಂಥ ವಿನಿಮಯ ಯಾರೂ ಒಡ್ಡಲಿಲ್ಲ. ಹೊಲ ಮಾರುವಾಗ ಅವರನ್ನು ಒಂದು ಮಾತು ಕೇಳಿದ್ದರೆ ಆ ಬೀಗದ ಕೈ ಸೊಂಟದಿಂದ ಗೋಡೆಯ ಮೊಳೆಗೆ ಬರುತ್ತಿತ್ತೋ ಏನೋ.

ಹಾಗಾಗಿ ಮೊದಲಿನ ಪ್ರಶ್ನೆಗೆ ನನ್ನ ಮಟ್ಟಿಗೆ ಉತ್ತರ ಇಷ್ಟು. ಮಾಡುವವನಿಗೆ ಕಾಪಾಡುವವರ ವಿಷಯದಲ್ಲೂ ಹೊಣೆಯಿದೆ, ಮತ್ತು ಆ ಹೊಣೆ ಬಹಳ ದೊಡ್ಡದೇನಲ್ಲ. ಕೈ ಹೋಗುವಷ್ಟು ಜಾಗ, ಕಣ್ಣಿಗೆ ಕಾಣುವ ಗುರುತು, ಅಷ್ಟೆ. ಕಾಪಾಡುವವರಿಗೂ ತಮ್ಮ ನಂತರ ಬರುವವರ ವಿಷಯದಲ್ಲಿ ಅದೇ ಹೊಣೆಯಿದೆ. ಆ ಟ್ರೇಲರನ್ನು ಮಗಳು ಅಳಿಯ ಮುಂದೊಂದು ದಿನ ಮಾರುತ್ತಾರೆ. ಕೊಳ್ಳುವವರು ಯಾರೋ ಏನೋ. ಅವರ ಕೈ ದೊಡ್ಡದೋ ಸಣ್ಣದೋ, ಗಂಡಸಿನದೋ ಹೆಂಗಸಿನದೋ, ಯಾರು ಬಲ್ಲರು? ಅವರಿಗೂ ಅಕ್ಟೋಬರ್ ಬಂದೇ ಬರುತ್ತದೆ, ನೀರು ತನ್ನ ಜಾಗ ಕೇಳಿಯೇ ಕೇಳುತ್ತದೆ. ಆಗ ಅವರು ಹಾಸಿಗೆ ಎತ್ತಬೇಕಾಗಿಲ್ಲ.

ಇನ್ನು ನಮ್ಮ ಊರುಗಳಲ್ಲಿ ಮನೆ ಕಟ್ಟಿಸುವವರಿಗೆ ಒಂದು ಮಾತು. ಗೀಸರನ್ನು ಎಲ್ಲಿ ಕೂರಿಸಬೇಕು, ಸಂಪಿನ ಮುಚ್ಚಳ ಎಷ್ಟು ಭಾರವಿರಬೇಕು, ತೊಟ್ಟಿಯ ಕೆಳಗಿನ ಕೊಳವೆಗೆ ಎಷ್ಟು ಎಡೆ ಬಿಡಬೇಕು ಎಂದು ಮೇಸ್ತ್ರಿ ಕೇಳದಿದ್ದರೂ ನೀವೇ ಹೇಳಿ. ಮೇಸ್ತ್ರಿ ಗೊಣಗಿಯಾನು. ಗೊಣಗಲಿ. ಮನೆಯಲ್ಲಿ ನಿಮಗೊಬ್ಬರಿಗೇ ಗೊತ್ತಿರುವುದು ಏನೇನಿದೆ ಎಂದೂ ಒಂದು ಸಂಜೆ ಕುಳಿತು ಬರೆದು ನೋಡಿ. ಆ ಪಟ್ಟಿ ಎಷ್ಟು ಉದ್ದವಾಗುತ್ತದೆ ಎಂಬುದನ್ನು ಕಂಡು ಮನೆಯವರಿಗೆ ಆಶ್ಚರ್ಯವಾಗುತ್ತದೆ. ನಿಮಗೂ ಆಗಬಹುದು.